ಎರಡನೇ ಪರದೆ

ಹೊಳೆ ದಂಡೆಯ ಆ ಆಶ್ರಮದಲ್ಲಿ ಮಧ್ಯಾಹ್ನದ ಗಂಟೆ ಬಾರಿಸುವವರೆಗೆ ಯಾರೂ ಬಾಯಿ ಬಿಡುವಂತಿಲ್ಲ. ಬೆರಳುಗಳಿಗೆ ಮಾತ್ರ ಅಂಥ ನೇಮವಿರಲಿಲ್ಲ.

ಅವತ್ತು ಗಂಗಾಂಬಿಕೆಯ ಮೊದಲ ಆನ್‌ಲೈನ್ ಪ್ರವಚನ. ವಿಷಯ, ಸಹನೆ. ಇದೊಂದು ಸರಿಹೋದರೆ ಮುಂದಿನವೂ ನಿನ್ನವೇ ಎಂದಿದ್ದರು ಗುರು ಗೌರವ್ವ.

ಅಂಥ ದಿನವೇ ಲ್ಯಾಪ್‌ಟಾಪಿಗೆ ಎರಡನೇ ಪರದೆಯಾಗಿ ಜೋಡಿಸಿದ್ದ ಮಾನಿಟರ್ ಕಣ್ಣು ಬಿಡಲೊಲ್ಲದು. ಜೊತೆಯ ಶಿಷ್ಯ ಬಸಲಿಂಗ ಹಿಂದಿನ ಸಂಜೆ ಯಾರನ್ನೂ ಕೇಳದೆ ಲ್ಯಾಪ್‌ಟಾಪ್ ನಡೆಸುವ ಲಿನಕ್ಸನ್ನು ಅಪ್‌ಡೇಟ್ ಮಾಡಿದ್ದ.

ಬೈಯೋಣವೆಂದರೆ ಮೌನ. ಲ್ಯಾಪ್‌ಟಾಪಿನಲ್ಲಿ ಚಾಟ್ ತೆರೆದು ಕುಟ್ಟತೊಡಗಿದಳು. ಅವನು ಹೊರಗೆ ಕಟ್ಟೆಯ ಮೇಲೆ ಫೋನ್ ಹಿಡಿದು ಕೂತಿದ್ದ.

"ನಿನ್ನ ಕೈ ಸುಮ್ಮನ ಇರೂದಿಲ್ಲೇನೋ?"

"ಒಳ್ಳೇದಕ್ಕ ಮಾಡೀನಕ್ಕಾ."

"ನಿನ್ನ ಒಳ್ಳೇದಕ್ಕ ಬೆಂಕಿ ಹಚ್ಚಲಿ!"

"ಬಂದ್ ಮಾಡಿ ಮತ್ತ ಚಾಲೂ ಮಾಡ್ರಿ. ಶುರುವಿಗೆ ಲಿನಕ್ಸಿನ ಹಳೇ ಕರ್ನಲ್, ಅಂದ್ರ ಅಪ್‌ಡೇಟಿಗಿಂತ ಮೊದಲಿಂದು, ಆರಿಸ್ರಿ."

ಆರಿಸಿದಳು. ಮಾನಿಟರ್ ಬೆಳಗಿತು. ಆದರೆ ಎರಡರಲ್ಲೂ ಒಂದೇ ಚಿತ್ರ. ಸೆಟ್ಟಿಂಗಿಗೆ ಹೋಗಿ ಎರಡನ್ನೂ ಬೇರೆ ಮಾಡಿದಳು. ಮಾನಿಟರಿನಲ್ಲಿ ತಾವರೆ ಹೂವಿನ ಸ್ಲೈಡುಗಳು, ಲ್ಯಾಪ್‌ಟಾಪಿನಲ್ಲಿ ಚಾಟ್. ಲೋಕಕ್ಕೊಂದು, ತನಗೊಂದು.

ಕೆಲಸವೇನೋ ಆಯಿತು, ಹೊಟ್ಟೆಯ ಉರಿ ಆರಲಿಲ್ಲ. ಮತ್ತೆ ಕುಟ್ಟಿದಳು: "ಕತ್ತೆ ನೀನು! ಆ ಮುದುಕಿಗೆ ಮಾತ್ರ ನೀ ಏನ ಮಾಡಿದ್ರೂ ಚಂದ. ದುಡಿಯಾಕ ನಾನು, ಹೊಗಳಿಸ್ಕೊಳ್ಳಾಕ ನೀನು."

ಗಂಟೆ ಬಾರಿಸಿತು. ಗೌರವ್ವ ಬಂದು ಅವಳ ಹಿಂದೆ ಕೂತರು.

ಸೆರಗು ಸರಿಮಾಡಿಕೊಂಡು, ನಗು ತಂದುಕೊಂಡು, ಶೇರ್ ಒತ್ತಿದಳು. ಯಾವ ಪರದೆ ಎಂದು ಕೇಳಿತು. ಅವಸರದಲ್ಲಿ ಮೊದಲನೆಯದನ್ನೇ ಒತ್ತಿದಳು.

"ಸಹನೆಯೆಂದರೆ ಒಳಗಿನ ತಂಪು..."

ಕೇಳುಗರಲ್ಲಿ ಒಬ್ಬಾಕೆ ಬಾಯಿಗೆ ಸೆರಗು ಒತ್ತಿಕೊಂಡಳು. ಒಬ್ಬ ಹಿರಿಯರು ಕನ್ನಡಕ ಏರಿಸಿಕೊಂಡು ಪರದೆಗೆ ಮೂಗು ತಾಗಿಸಿದರು.

"ತಂಗೀ, ಮುದುಕಿ ಅಂದ್ರ ಯಾರವಾ?"

ಗಂಗಾಂಬಿಕೆ ನೋಡಿದಳು: ಎಲ್ಲರಿಗೂ ಕಾಣುತ್ತಿದ್ದದ್ದು ತಾವರೆಯಲ್ಲ, ಲ್ಯಾಪ್‌ಟಾಪಿನ ಚಾಟ್. ಮೈಕ್ ಮುಚ್ಚಿ, ಮೇಜು ಗುದ್ದಿ, ಹಿಂದೆ ಕೂತಿದ್ದ ಗೌರವ್ವನತ್ತ ತಿರುಗಿದಳು.

"ಅವ್ವಾ, ಎಲ್ಲಾ ಆ ಬಸಲಿಂಗನಿಂದ! ಈ ದರಿದ್ರ ಯಂತ್ರ ತಪ್ಪು ಪರದೆ ತೋರಿಸಿಬಿಡ್ತು!"

"ತಪ್ಪು ಯಾವುದು?"

"ಇದು. ಬೈಗಳದ್ದು."

"ಬರದಾಕಿ ಯಾರು?"

"ನಾನ. ಆದ್ರ ಅದು ಮಂದಿಗೆ ತೋರಿಸೂದಲ್ಲ!"

ಗೌರವ್ವ ಎದ್ದುಬಂದು ಮಾನಿಟರಿನ ಕೇಬಲ್ ಕಿತ್ತರು. ಅದು ಕಪ್ಪಾಯಿತು. ಅದರಲ್ಲಿದ್ದ ತಾವರೆ ಲ್ಯಾಪ್‌ಟಾಪಿಗೆ ಜಿಗಿದು ಎಲ್ಲರಿಗೂ ಕಾಣುವಂತೆ ಬೈಗಳ ಮಗ್ಗುಲಲ್ಲೇ ಕೂತಿತು.

"ಏನ್ ಮಾಡಿದ್ರೀ ಅವ್ವಾ! ಮುಗೀತು ನನ್ನ ಪ್ರವಚನ!"

"ಯಾರೂ ಎದ್ದು ಹೋಗಿಲ್ಲ, ನೋಡು."

ಗೌರವ್ವ ಬಗ್ಗಿ ಮೈಕ್ ತೆರೆದರು.

"ಮುದುಕಿ ಅಂದ್ರ ನಾನಪಾ. ಹೂಂ, ಗಂಗಾ, ಸಹನೆ ಅಂದ್ರ ಏನಂತಿದ್ದಿ?"