ದೋಣಿಯಂತೆ ಬಿಗಿದ ಕೋಣೆ

"ಗುರುಗಳೇ, ಹೊರಗಿನ ಬೇಗೆ ಒಂದಿಷ್ಟೂ ಒಳಗೆ ಬಾರದ ಹಾಗೆ ಮನಸ್ಸನ್ನು ಮುಚ್ಚುವುದು ಹೇಗೆ?"

ಕೇಳಿದವನು ದುಗ್ಗಪ್ಪ. ಮಠಕ್ಕೆ ಬಂದು ಹನ್ನೊಂದು ವರ್ಷವಾಗಿತ್ತು. ವಯಸ್ಸು ನಲವತ್ತರ ಹತ್ತಿರ. ನಾಲ್ಕು ತಿಂಗಳ ಹಿಂದೆ ಊರಿನಿಂದ ಒಬ್ಬ ಬಂದು, ಅವನ ತಂಗಿ ತೀರಿಕೊಂಡಳೆಂದು ಹೇಳಿ ಹೋಗಿದ್ದ. ದುಗ್ಗಪ್ಪ ಆಗ ದೊಡ್ಡ ಕಡಾಯಿ ತಿಕ್ಕುತ್ತಿದ್ದ. ಸುದ್ದಿ ಕೇಳಿದ. ಉಳಿದ ಪಾತ್ರೆಗಳನ್ನೂ ತಿಕ್ಕಿ ಮುಗಿಸಿದ. ಕೈ ತೊಳೆದುಕೊಂಡು ಪೂಜೆಗೆ ಹೂವು ಕೊಯ್ಯಲು ಹೋದ. ಮಠದವರೆಲ್ಲ ಬೆರಗಾದರು. ವೈರಾಗ್ಯವೆಂದರೆ ಇದು ಎಂದರು. ಅಡುಗೆಯವನೊಬ್ಬ ಮಾತ್ರ, "ಕಡಾಯಿಗೆ ತೂತು ಬೀಳುವ ಹಾಗೆ ತಿಕ್ಕಿದ್ದಾನೆ, ಪುಣ್ಯಾತ್ಮ" ಎಂದು ಗೊಣಗಿದ.

ಅಂದಿನಿಂದ ದುಗ್ಗಪ್ಪನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಜಪಕ್ಕೆ ಕುಳಿತರೆ ಎದೆಯ ಮೇಲೆ ಒದ್ದೆ ಕಂಬಳಿ ಹೊದಿಸಿದ ಹಾಗೆ ಭಾರ. ಹಿಂದಿನ ದಿನ ಊಟದ ಪಂಕ್ತಿಯಲ್ಲಿ ಒಬ್ಬ ಕುರುಡ ಯಾತ್ರಿಕ ಎರಡನೆಯ ಸಲ ಸಾರು ಕೇಳಿದ್ದಕ್ಕೆ, ಬಡಿಸುತ್ತಿದ್ದ ದುಗ್ಗಪ್ಪ ಸೌಟು ಎಸೆದುಬಿಟ್ಟಿದ್ದ.

"ಎಲ್ಲೋ ಒಂದು ಬಿರುಕು ಉಳಿದುಕೊಂಡಿದೆ, ಗುರುಗಳೇ" ಎಂದ. "ಒಂದು ಮಂಡಲ ಕಾಲ ಹಿತ್ತಲ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮೌನದಲ್ಲಿರುತ್ತೇನೆ. ಅಪ್ಪಣೆ ಕೊಡಿ. ತಂಗಿ ಹೋದಾಗ ನನ್ನ ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಅಷ್ಟು ಮಾಡಿದವನಿಗೆ ಇದೊಂದು ಆಗದೇ?"

ಗುರು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು.

"ಅಪ್ಪಣೆ ಬೇಕಾದರೆ ಕೊಡೋಣ. ಮೊದಲು ಇದನ್ನು ಕೇಳು" ಎಂದು ಹೇಳತೊಡಗಿದರು.

ಸಮುದ್ರದ ಹತ್ತಿರ ಒಂದು ಊರು. ಅಲ್ಲಿ ಒಬ್ಬ ಆಚಾರಿ ಇದ್ದ. ದೋಣಿ ಕಟ್ಟುವುದು ಅವನ ಕಸುಬು. ಹಲಗೆಗೆ ಹಲಗೆ ಕೂಡಿಸಿ, ಸಂದಿಗೆ ಹತ್ತಿಯ ನೂಲು ಜಡಿದು, ಮೇಲೆ ಎಣ್ಣೆಯಲ್ಲಿ ಕಾಸಿದ ರಾಳ ಬಳಿದನೆಂದರೆ ಮುಗಿಯಿತು. ಅವನು ಕಟ್ಟಿದ ದೋಣಿಯೊಳಗೆ ಕುಳಿತವನ ಧೋತರದ ಅಂಚು ಕೂಡ ನೆನೆಯುತ್ತಿರಲಿಲ್ಲ.

ಅವನ ಮನೆ ಅಜ್ಜನ ಕಾಲದ್ದು. ಮಣ್ಣಿನ ಗೋಡೆ, ಮೇಲೆ ಸುಣ್ಣ. ಆ ಸೀಮೆಯ ಸೆಕೆ ಎಂಥದ್ದೆಂದರೆ, ನೆರಳಲ್ಲಿ ಸುಮ್ಮನೆ ಕುಳಿತರೂ ಮೈಯಿಂದ ನೀರು ಇಳಿಯುತ್ತದೆ. ಮನೆಯ ಪಡುವಣ ಕೋಣೆಗೆ ಮಧ್ಯಾಹ್ನದಿಂದ ಬಿಸಿಲು ಬಡಿಯುತ್ತಿತ್ತು. ಗೋಡೆ ಕಾದು, ಹೊತ್ತು ಮುಳುಗಿದ ಮೇಲೂ ಒಲೆಯ ಹಾಗೆ ಬಿಸಿ ಉಗುಳುತ್ತಿತ್ತು. ಬಾಣಂತನಕ್ಕೆಂದು ಇದ್ದ ಕೋಣೆ ಅದೊಂದೇ.

ಅವನಿಗೆ ಒಬ್ಬಳೇ ಮಗಳು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ವೈಶಾಖದಲ್ಲಿ ಹೆತ್ತಳು. ಮಗು ಒಂಬತ್ತು ದಿನ ಬದುಕಿತು. ಮೈ ಕೆಂಡವಾಗಿ, ಹಾಲು ಬಿಟ್ಟು, ಸಂಜೆಯ ಹೊತ್ತಿಗೆ ತಣ್ಣಗಾಯಿತು. ಆ ಊರಿನಲ್ಲಿ ಆ ಬೇಸಿಗೆಗೆ ಬಲಿಯಾದ ಮಕ್ಕಳು ಬೇರೆಯೂ ಇದ್ದವು. ಆಚಾರಿ ತೊಟ್ಟಿಲನ್ನು ಬಿಚ್ಚಿ ಅಟ್ಟದ ಮೇಲೆ ಹಾಕಿದ. ಮರುದಿನ ಬೆಳಿಗ್ಗೆಯೇ ಉಳಿ, ಕೊಡತಿ ಹಿಡಿದು ದೋಣಿಯ ಕೆಲಸಕ್ಕೆ ಹೋದ. ಮನೆಯಲ್ಲಿ ಆ ಮಾತು ಯಾರೂ ಎತ್ತಲಿಲ್ಲ. ಎತ್ತಲು ಅವನು ಬಿಡಲಿಲ್ಲ.

ಎರಡು ವರ್ಷ ಕಳೆಯಿತು. ಮಗಳು ಮತ್ತೆ ಬಸುರಿ ಎಂದು ಸುದ್ದಿ ಬಂತು. ತಿಂಗಳು ಎಣಿಸಿದರು. ಈ ಸಲವೂ ವೈಶಾಖವೇ.

ಆಚಾರಿ ಮಳೆ ನಿಂತ ವಾರವೇ ಕೆಲಸಕ್ಕೆ ಕೈಹಾಕಿದ. ಪಡುವಣ ಗೋಡೆಯಿಂದ ಒಂದು ಗೇಣು ಬಿಟ್ಟು ಕೋಣೆಯ ಒಳಗಡೆ ಹಲಗೆಯ ಗೋಡೆ ಎಬ್ಬಿಸಿದ. ನಡುವಿನ ಜಾಗಕ್ಕೆ ಭತ್ತದ ಉಮಿ ಸುರಿದು, ಕೋಲಿನಿಂದ ಜಡಿದು ತುಂಬಿದ. ಉಮಿಯೊಳಗಿಟ್ಟ ಬೆಂಕಿಯ ಬಿಸಿ ಮೂರು ದಿನವಾದರೂ ಹೊರಗೆ ಕೈಗೆ ಹತ್ತುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಲೆಕ್ಕ ತಪ್ಪಿರಲಿಲ್ಲ.

ಆಗ ಸುಣ್ಣ ಬಳಿಯುವ ಮುದುಕಿ ಬಂದಳು. ವರ್ಷವರ್ಷವೂ ಮಳೆ ನಿಂತು ಒಂದೂವರೆ ತಿಂಗಳಿಗೆ ಆ ಮನೆಯ ಗೋಡೆ ಕೆರೆದು ಸುಣ್ಣ ಹಾಕುವವಳು ಅವಳೇ. ಹಲಗೆಯ ಸಂದಿಗೆ ನೂಲು ಜಡಿಯುತ್ತಿದ್ದ ಆಚಾರಿಯನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನು ಆಚಾರ್ರೇ, ಮನೆಗೆ ಹಾಯಿ ಕಟ್ಟುವುದು ಯಾವಾಗ? ನನ್ನನ್ನೂ ಕೂರಿಸಿಕೊಂಡು ಹೋಗಿ."

"ನಗು ನಗು. ಮೊಮ್ಮಗು ಇದರೊಳಗೆ ತಣ್ಣಗೆ ಮಲಗಿದಾಗ ಬಂದು ನೋಡು."

ಮುದುಕಿ ಗೋಡೆಗೆ ಅಂಗೈ ಒತ್ತಿ ನೋಡಿದಳು. "ಉಮಿ ತುಂಬಿ, ನಾನು ಬೇಡ ಅನ್ನುವುದಿಲ್ಲ. ಆದರೆ ಗೋಡೆ ಇನ್ನೂ ಮಳೆಯ ನೀರು ಕುಡಿದುಕೊಂಡೇ ಇದೆ. ಆರಲು ಬಿಡಿ. ಆಮೇಲೆ ಮೇಲೊಂದಿಷ್ಟು, ಕೆಳಗೊಂದಿಷ್ಟು, ಬೆರಳು ಹೋಗುವಷ್ಟು ಸಂದು ಬಿಡಿ. ಮನುಷ್ಯರಿಗೆ ಹೇಗೋ ಹಾಗೆ ಗೋಡೆಗೂ ಬೆವರು ಬರುತ್ತದೆ. ಹೋಗಲು ದಾರಿ ಬೇಕು."

"ಸಂದು ಬಿಡಬೇಕೇ?" ಆಚಾರಿ ನಕ್ಕ. "ಸಂದು ಬಿಟ್ಟು ಕೆಲಸ ಮಾಡುವವನು ನನ್ನ ವಂಶದಲ್ಲಿ ಹುಟ್ಟಿಲ್ಲ, ಅಜ್ಜಿ. ನಲವತ್ತು ವರ್ಷದಲ್ಲಿ ನನ್ನ ದೋಣಿಗೆ ಒಂದು ಹನಿ ನೀರು ಹೊಕ್ಕಿಲ್ಲ."

ಮುದುಕಿ ಸುಣ್ಣದ ಮಡಕೆ ಎತ್ತಿಕೊಂಡು ಹೋದಳು. ಆ ವರ್ಷ ಅಲ್ಲಿ ಅವಳಿಗೆ ಕೆಲಸವಿರಲಿಲ್ಲ. ಹೊರಮೈಗೂ ಆಚಾರಿ ರಾಳವನ್ನೇ ಬಳಿದ. ಪಡುವಣ ಗೋಡೆ ಮುಗಿದ ಮೇಲೆ ಉಳಿದ ಮೂರಕ್ಕೂ ಹಾಗೆಯೇ ಮಾಡಿದ. ಮಾಡಿನ ಕೆಳಗೆ ಗಾಳಿಯಾಡಲು ಅಜ್ಜ ಬಿಟ್ಟಿದ್ದ ಕಂಡಿಗಳಿಗೆ ತೆಂಗಿನ ನಾರು ತುರುಕಿದ. ಕಿಟಕಿಯೊಂದು ಉಳಿಯಿತು. ಅದಕ್ಕೂ ಬಿಗಿಯಾದ ಹಲಗೆ ಕೂಡಿಸಿದ.

ಚೈತ್ರದ ಕೊನೆಯಲ್ಲಿ ಮಗಳು ಬಂದಳು. ಹೊರಗೆ ಅಂಗಳದಲ್ಲಿ ಕಾಲಿಡಲು ಆಗದಂಥ ಬಿಸಿಲು. ಕೋಣೆಯ ಹೊಸ್ತಿಲು ದಾಟಿದವಳು ಅಲ್ಲಿಯೇ ನಿಂತಳು.

"ಅಪ್ಪಾ, ಬಾವಿಯೊಳಗೆ ಇಳಿದ ಹಾಗಿದೆ" ಎಂದಳು.

ಆಚಾರಿಗೆ ಅದು ಹೊಗಳಿಕೆಯಾಗಿ ಕೇಳಿಸಿತು.

ಗಂಡು ಮಗು ಹುಟ್ಟಿತು. ಒಂಬತ್ತನೆಯ ದಿನ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಹತ್ತನೆಯ ದಿನ ಆಚಾರಿಯ ಹೆಂಡತಿ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಹೊರಗೆ ವೈಶಾಖ ಉರಿಯಿತು. ಕೋಣೆಯಲ್ಲಿ ಮಗು ನಿದ್ದೆ ಮಾಡಿತು. ಊರಿನವರು ಬಂದು ಗೋಡೆ ತಟ್ಟಿ ನೋಡಿ ಹೋದರು. ನಮ್ಮ ಮನೆಗೂ ಹೀಗೆಯೇ ಮಾಡಿಕೊಡಿ ಎಂದು ಇಬ್ಬರು ಕೇಳಿದರು. ಆಚಾರಿ ಅಟ್ಟದಿಂದ ತೊಟ್ಟಿಲು ಇಳಿಸಿದ.

ಆಮೇಲೆ ಮಳೆ ಬಂತು.

ಬಾಣಂತಿಯ ಕೋಣೆಯೆಂದರೆ ನಿನಗೆ ಗೊತ್ತಿರಲಿಕ್ಕಿಲ್ಲ, ದುಗ್ಗಪ್ಪ. ಅಲ್ಲಿ ನೀರೇ ನೀರು. ಮಗುವಿಗೂ ತಾಯಿಗೂ ಕುದಿಯುವ ನೀರಿನ ಸ್ನಾನ. ಪಕ್ಕದ ಬಚ್ಚಲ ಹಬೆಯೆಲ್ಲ ಕೋಣೆಗೇ ನುಗ್ಗುತ್ತದೆ. ಒಗೆದ ಬಟ್ಟೆ ಹೊರಗೆ ಆರುವುದಿಲ್ಲ. ಒಳಗೇ ಹಗ್ಗ ಕಟ್ಟಿ ಹರವುತ್ತಾರೆ. ಕಷಾಯ ಕುದಿಯುತ್ತದೆ. ಜನರ ಉಸಿರಿದೆ, ಬೆವರಿದೆ. ಅಜ್ಜ ಕಟ್ಟಿದ ಗೋಡೆ ಇದನ್ನೆಲ್ಲ ಹೀರಿ, ಬಿಸಿಲು ಕಂಡ ದಿನ ಹೊರಗೆ ಬಿಡುತ್ತಿತ್ತು. ಕಂಡಿಗಳು ಉಳಿದದ್ದನ್ನು ಒಯ್ಯುತ್ತಿದ್ದವು. ಆ ಮನೆಯಲ್ಲಿ ಇಷ್ಟು ಕೆಲಸ ನಡೆಯುತ್ತಿತ್ತೆಂದು ಅಲ್ಲಿದ್ದವರಿಗೇ ತಿಳಿದಿರಲಿಲ್ಲ.

ಮೊದಲು ಒಂದು ವಾಸನೆ ಬಂತು. ನೆನೆದ ಗೋಣಿಯ ವಾಸನೆ. ಬಳಿಕ ಹಲಗೆಯ ಮೇಲೆ ಬೆಳಗಿನ ಹೊತ್ತು ಸಣ್ಣ ಹನಿಗಳು ಕಂಡವು. ಆಚಾರಿಯ ಮುಖ ಕೆಂಪಾಯಿತು. ಅವನ ಕೆಲಸ ಸೋರುತ್ತಿದೆ ಎಂದರೆ ಅವನಿಗೆ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ಹೊರಗೆ ಹೋಗಿ ಗೋಡೆಯನ್ನು ಗೇಣುಗೇಣಾಗಿ ತಡವಿ ನೋಡಿದ. ಬಿರುಕು ಸಿಗಲಿಲ್ಲ. ಸಿಗದಿದ್ದರೂ ಇನ್ನೊಂದು ಸಲ ರಾಳ ಬಳಿದ. ಒಳಗಿನ ಹಲಗೆಯ ಸಂದಿಗಳಿಗೆ ಮತ್ತೆ ನೂಲು ಜಡಿದ. ಹನಿಗಳು ಹೆಚ್ಚಾದವು. ಗಾಳಿಯ ಜೊತೆ ಮಳೆಯ ಇರಿಚಲು ಬರುತ್ತಿರಬೇಕೆಂದು ಕಿಟಕಿಯ ಹಲಗೆಗೆ ಮೊಳೆ ಹೊಡೆದ.

ಮಗುವಿಗೆ ಕೆಮ್ಮು ಹತ್ತಿತು. ಎದೆಯಲ್ಲಿ ಗೊರಗೊರ ಸದ್ದು ಶುರುವಾಯಿತು. ತೊಟ್ಟಿಲ ಹಗ್ಗದ ಮೇಲೆ ಬೂಷ್ಟು ಬೆಳೆಯಿತು.

"ಅಪ್ಪಾ, ಒಂದು ಹಲಗೆ ತೆಗಿ" ಎಂದಳು ಮಗಳು. "ಉಸಿರು ಸಾಲುವುದಿಲ್ಲ."

"ತಾಳು ಮಗಾ. ಎಲ್ಲಿಂದ ಬರುತ್ತಿದೆ ಎಂದು ಕಂಡುಹಿಡಿದೆನೆಂದರೆ ಸರಿಹೋಗುತ್ತದೆ."

"ಬರುವುದು ಬರಲಿ ಅಪ್ಪಾ, ಒಂದೇ ಒಂದು ತೆಗಿ."

"ತೆರೆದಿದ್ದದ್ದಕ್ಕೇ ಅಲ್ಲವೇ ಮೊದಲನೆಯದು ಹೋದದ್ದು!" ಎಂದು ಆಚಾರಿ ಕೂಗಿದ. ಇಷ್ಟು ವರ್ಷಗಳಲ್ಲಿ ಆ ಮಾತು ಅವನ ಬಾಯಿಂದ ಬಂದದ್ದು ಅದೊಂದೇ ಸಲ. ಅವನು ರಾಳದ ಬೋಗುಣಿ ಎತ್ತಿಕೊಂಡು ಮಳೆಗೆ ನಡೆದ.

ಮಧ್ಯಾಹ್ನವಿಡೀ ಹೊರಗೇ ಇದ್ದ. ತಲೆಯ ಮೇಲೆ ಮಳೆ ತಡೆಯುವ ಎಲೆಯ ಗೊರಬು ಹಾಕಿಕೊಂಡು, ಗೋಡೆಗೆ ಕೆನ್ನೆ ಒತ್ತಿ ಬಿರುಕು ಹುಡುಕಿದ. ತಳಪಾಯದ ಹತ್ತಿರ ಮಂಡಿಯೂರಿ ಕುಳಿತಿದ್ದಾಗ ಒಳಗಿನಿಂದ ಅಳು ಕೇಳಿಸಿತು. ಇಷ್ಟು ದಪ್ಪ ಗೋಡೆಯನ್ನು ದಾಟಿ ಬರಬೇಕಾದರೆ ಅದು ದೊಡ್ಡ ಅಳುವೇ ಆಗಿರಬೇಕು. ಆಚಾರಿ ಕಿವಿಗೊಟ್ಟ. ಅದು ಮಗುವಿನ ಅಳುವಲ್ಲ.

ದಿನಗಳು ಕಳೆದವು. ಬರಿ ಮಡಿಲಿನ ಮಗಳನ್ನು ಗಂಡನ ಮನೆಯವರು ಕರೆದುಕೊಂಡು ಹೋದರು. ಹೋಗುವಾಗ ಅವಳು ತಂದೆಯ ಕಾಲಿಗೆ ನಮಸ್ಕಾರ ಮಾಡಿದಳು. ಮುಖ ನೋಡಲಿಲ್ಲ. ಮಳೆ ನಿಂತ ಮೇಲೆ ಆಚಾರಿ ಹಾರೆ ತಂದು ಹಲಗೆಗಳನ್ನು ಕಿತ್ತ. ಒಂದು ಹಲಗೆ ಕೀಳಲು ಅರ್ಧ ದಿನ ಹಿಡಿಯಿತು. ಅಷ್ಟು ಗಟ್ಟಿ ಕೆಲಸ. ಉಮಿ ಸುರಿಯಲಿಲ್ಲ. ಕರಿ ಮುದ್ದೆಯಾಗಿ, ಹಲಗೆಗೆ ಅಂಟಿಕೊಂಡೇ ಬಂತು. ಅದರ ಹಿಂದಿನ ಅಜ್ಜನ ಗೋಡೆಗೆ ಅವನು ಕೈ ಒತ್ತಿದ. ನಾದಿದ ಹಿಟ್ಟಿನೊಳಗೆ ಹೋದ ಹಾಗೆ ಬೆರಳು ಗೆಣ್ಣಿನವರೆಗೆ ಒಳಗೆ ಹೋಯಿತು.

ಸುಣ್ಣದ ಮುದುಕಿ ಬಾಗಿಲಲ್ಲಿ ನಿಂತಿದ್ದಳು. ಈ ಸಲ ತಮಾಷೆ ಮಾಡಲಿಲ್ಲ. ಹೊರಗೆ ಹೋಗಿ ಗೋಡೆಯ ರಾಳವನ್ನು ಉಗುರಿನಿಂದ ಕೆರೆದು ನೋಡಿ ಬಂದಳು.

"ಎಲ್ಲಿ ಸೋರಿತು, ಅಜ್ಜಿ? ನೀನಾದರೂ ಹೇಳು" ಎಂದ ಆಚಾರಿ.

"ನಿಮ್ಮ ಕೆಲಸದಲ್ಲಿ ಒಂದು ಬಿರುಕಿಲ್ಲ, ಆಚಾರ್ರೇ. ಹೊರಗಿನಿಂದ ಒಂದು ಹನಿಯೂ ಬಂದಿಲ್ಲ" ಎಂದಳು ಮುದುಕಿ. "ದೋಣಿಗೆ ನೀರು ಹೊರಗಿರುತ್ತದೆ. ಮನೆಗೆ ನೀರು ಒಳಗೇ ಇರುತ್ತದೆ."

ಗುರು ಕತೆ ನಿಲ್ಲಿಸಿದರು. ಹೊಸೆದ ಬತ್ತಿಗಳನ್ನು ತಟ್ಟೆಯಲ್ಲಿ ಒಟ್ಟು ಮಾಡಿದರು.

ದುಗ್ಗಪ್ಪ ತಲೆ ಎತ್ತಿದ.

"ಆಚಾರಿಯ ತಪ್ಪು ನನಗೆ ತಿಳಿಯಿತು. ಆದರೆ ನನ್ನ ವಿಷಯ ಬೇರೆ. ನನ್ನ ಒಳಗೆ ನೀರಿಲ್ಲ, ಗುರುಗಳೇ. ಎಲ್ಲ ಒಣಗಿದೆ. ಕೋಣೆಯ ಬೀಗದ ಕೈ ಕೊಡಿ."

ಗುರು ಸೊಂಟದಿಂದ ಬೀಗದ ಕೈ ಬಿಚ್ಚಿ ಅವನ ಅಂಗೈಯಲ್ಲಿಟ್ಟರು. ಇಟ್ಟ ಕೈಯನ್ನು ಹಿಂದಕ್ಕೆ ತೆಗೆಯದೆ ಕೇಳಿದರು:

"ನಿನ್ನ ತಂಗಿಯ ಹೆಸರೇನು, ದುಗ್ಗಪ್ಪ?"

ದುಗ್ಗಪ್ಪ ಬಾಯಿ ತೆರೆದ. ಹೆಸರಿಗೆ ಮೊದಲು ಗುರುವಿನ ಕೈಯ ಮೇಲೆ ಒಂದು ಹನಿ ಬಿತ್ತು.