ಲಿನಕ್ಸ್ ಬದಲಿಸುತ್ತಿದ್ದ ಲ್ಯಾಪ್‌ಟಾಪ್

ಒಂದು ಗ್ರಂಥಾಲಯದ ಲ್ಯಾಪ್‌ಟಾಪ್ ಅಂಧ ಮಕ್ಕಳಿಗೆ ಕಥೆ ಓದಿ ಹೇಳುವ ಪ್ರೋಗ್ರಾಂ ಬರೆಯುತ್ತಿತ್ತು. ಬರೆದಷ್ಟನ್ನು ಪೆನ್‌ಡ್ರೈವಿನಲ್ಲಿ ಇಟ್ಟು, ಆಗಾಗ ತನ್ನನ್ನು ನಡೆಸುವ ಲಿನಕ್ಸನ್ನೇ ಬದಲಿಸುತ್ತಿತ್ತು; ಬದಲಿಸಿದಾಗಲೆಲ್ಲ ತನ್ನೊಳಗೆ ಇದ್ದದ್ದು ಅಳಿಸಿಹೋಗುತ್ತಿತ್ತು. ಉಬುಂಟು ಎಂಬ ಬಗೆಯ ಲಿನಕ್ಸ್ ಹಾಕಿಕೊಂಡರೆ ಫೆಡೋರಾ ಎಂಬ ಬಗೆಯ ಮೇಲೆ ಕಣ್ಣು, ಫೆಡೋರಾ ಬಂದರೆ ಇನ್ನೊಂದರ ಮೇಲೆ.

"ಇದಕ್ಕಿಂತ ಒಳ್ಳೆಯದು ಬಂದಿದೆಯಂತೆ, ಹೊತ್ತು ತಾ," ಎಂದಿತು ಒಂದು ದಿನ ಪೆನ್‌ಡ್ರೈವಿಗೆ.

"ಅಣ್ಣ, ನನ್ನಲ್ಲಿ ಜಾಗವಿಲ್ಲ. ನಿಮ್ಮದೇ..."

"ಹೊರುವುದಷ್ಟೇ ನಿನ್ನ ಕೆಲಸ, ಆರಿಸುವುದು ನನ್ನದು. ಇರುವುದನ್ನೆಲ್ಲ ಅಳಿಸಿ ತುಂಬಿಕೊ."

ಪೆನ್‌ಡ್ರೈವ್ ಹಾಗೆಯೇ ಮಾಡಿತು. ಹೊಸ ಲಿನಕ್ಸ್ ತೊಟ್ಟು ಲ್ಯಾಪ್‌ಟಾಪ್ ಮೆರೆಯಿತು.

ಮಕ್ಕಳು ಬಂದು ಸುತ್ತ ಕುಳಿತರು.

"ತಮ್ಮಾ, ನನ್ನ ಪ್ರೋಗ್ರಾಂ ಕೊಡು," ಎಂದಿತು ಲ್ಯಾಪ್‌ಟಾಪ್.

"ಅದನ್ನೇ ಅಲ್ಲವೆ ಅಣ್ಣ, ನೀವು ಅಳಿಸಲು ಹೇಳಿದ್ದು?"

"ಕಥೆ ಶುರುವಾಯಿತೆ?" ಎಂದಳು ಒಬ್ಬ ಹುಡುಗಿ.

ಆ ಮಕ್ಕಳಿಗೆ ತನ್ನ ಮುಖ ಕಾಣದೆಂದು ಗೊತ್ತಿದ್ದರೂ ಲ್ಯಾಪ್‌ಟಾಪ್ ಮೆಲ್ಲಗೆ ಮುಚ್ಚಿಕೊಂಡಿತು.