ಉಪ್ಪಿನ ದೋಣಿಯ ಕಾವಲುಗಾರ

“ಗುರುಗಳೇ, ನನಗೆ ಕೇಡು ಮಾಡಿದವನೇ ಮುಂದೆ ನನ್ನವರನ್ನು ಕಾಪಾಡಿದರೆ, ಅವನನ್ನು ನಾನು ಏನೆಂದು ತಿಳಿಯಬೇಕು?” ಎಂದು ಶಿಷ್ಯನು ಕೇಳಿದನು.

ಗುರುಗಳು ಹೇಳಿದರು:

ಬಹಳ ಹಿಂದೆ ಜಪಾನ್ ದೇಶದ ಒಳಗಡಲಿನಲ್ಲಿ ಮಗೊಜಿರೊ ಎಂಬ ಉಪ್ಪಿನ ವ್ಯಾಪಾರಿ ಇದ್ದನು. ಅವನ ದೋಣಿ ದ್ವೀಪಗಳ ನಡುವಿನ ಇಕ್ಕಟ್ಟಾದ ನೀರಿನಲ್ಲಿ ಸಾಗಬೇಕಾಗಿತ್ತು. ಆ ದ್ವೀಪಗಳಲ್ಲಿ ಕಡಲ್ಗಳ್ಳರಿದ್ದರು. ಒಮ್ಮೆ ಅವರು ದೋಣಿಯನ್ನು ಅಡ್ಡಗಟ್ಟಿ ಉಪ್ಪನ್ನು ದೋಚಿದರು. ತಡೆಯಲು ಹೋದ ಮಗೊಜಿರೊನ ತಮ್ಮನನ್ನು ಒಬ್ಬ ಕಳ್ಳನು ಈಟಿಯಿಂದ ತಿವಿದು ನೀರಿಗೆ ಕೆಡವಿದನು. ಆ ಕಳ್ಳನಿಗೆ ಎಡಗಿವಿ ಇರಲಿಲ್ಲ. ತಮ್ಮನ ದೇಹ ಸಿಗಲಿಲ್ಲ.

ವರ್ಷಗಳು ಕಳೆದವು. ಕಡಲ್ಗಳ್ಳರ ನಾಯಕನು ಹೊಸ ಕಟ್ಟಳೆ ಮಾಡಿದನು. ಸರಕಿನಲ್ಲಿ ಪಾಲು ಕೊಟ್ಟ ದೋಣಿಗೆ ಅವನ ಕಡೆಯವನೊಬ್ಬ ಕಾವಲಿಗೆ ಬರುವನು. ಆ ದೋಣಿಯನ್ನು ಅವನ ಜನರು ಮುಟ್ಟುವುದಿಲ್ಲ. ಬೇರೆ ದಾರಿಯಿಲ್ಲದೆ ಮಗೊಜಿರೊ ಒಪ್ಪಿದನು. ಕಾವಲಿಗೆ ಬಂದವನು ಆ ಕಿವಿಯಿಲ್ಲದವನೇ. ಹೆಸರು ತೊರಾಜೊ. ಮಗೊಜಿರೊ ಅವನನ್ನು ಕಂಡೊಡನೆ ಗುರುತಿಸಿದನು, ಅವನಿಗೆ ಮಾತ್ರ ಮಗೊಜಿರೊನ ಗುರುತು ಸಿಗಲಿಲ್ಲ. ದೋಣಿಯಲ್ಲಿ ಜೊತೆಗೆ ಬಂದಿದ್ದ ವ್ಯಾಪಾರಿಯ ಹೆಂಡತಿ ಇಟೊ ಕೊಟ್ಟ ಗಂಜಿಯನ್ನು ಕುಡಿದು, ಚೆನ್ನಾಗಿದೆ ಎಂದನು.

ನಡುದಾರಿಯಲ್ಲಿ ಬೇರೆ ಸೀಮೆಯ ಕಳ್ಳರು ದೋಣಿಗೆ ನುಗ್ಗಿದರು. ಒಬ್ಬನು ಇಟೊಳ ಜುಟ್ಟು ಹಿಡಿದು ಕತ್ತಿ ಎತ್ತಿದನು. ತೊರಾಜೊ ಅಡ್ಡ ಬಂದನು. ಪೆಟ್ಟು ಅವನ ತೊಡೆಗೆ ಬಿತ್ತು. ಆದರೂ ಈಟಿ ಬೀಸಿ ಅವರನ್ನು ಓಡಿಸಿದನು. ಆಮೇಲೆ ಕುಸಿದನು.

ಮಗೊಜಿರೊ ಬಟ್ಟೆ ಹಿಡಿದು ಹತ್ತಿರ ಹೋದನು. ಹೋದವನು ನಿಂತುಬಿಟ್ಟನು.

“ನನ್ನ ತಮ್ಮನನ್ನು ಕೊಂದವನು ನೀನು” ಎಂದನು.

ತೊರಾಜೊ ಅವನ ಮುಖವನ್ನು ನೋಡಿದನು. “ಇರಬಹುದು. ಅಂದು ದೋಚು ಎಂದರು, ದೋಚಿದೆ. ಇಂದು ಕಾವಲಿರು ಎಂದರು, ಇದ್ದೆ. ನಾನು ಎಂಥವನೆಂದು ನನ್ನನ್ನು ಕೇಳಬೇಡ.”

ಮಗೊಜಿರೊ ಹೆಂಡತಿಯ ಕಡೆ ತಿರುಗಿದನು. “ನೀನಾದರೂ ಹೇಳು.”

“ಮೈದುನ ಹೋದದ್ದೂ ಇವನ ಕೈಯಿಂದ, ನಾನು ಉಳಿದದ್ದೂ ಇವನ ಕೈಯಿಂದ. ನಾನು ಏನೆಂದು ಹೇಳಲಿ?” ಎಂದು ಇಟೊ ಅತ್ತಳು.

ಮಗೊಜಿರೊ ತೊರಾಜೊನ ತೋಳು ಹಿಡಿದು ದೋಣಿಯ ಅಂಚಿನವರೆಗೆ ಎಳೆದನು. ಕೆಳಗಿನ ನೀರನ್ನು ನೋಡಿದನು. ಮತ್ತೆ ಒಳಕ್ಕೆ ಎಳೆದುಕೊಂಡನು. ಬಟ್ಟೆಯನ್ನು ಗಾಯದ ಮೇಲಿಟ್ಟು ಬಲವಾಗಿ ಒತ್ತಿದನು. ಉಳಿಸಲು ಒತ್ತುತ್ತಿದ್ದಾನೋ, ನೋಯಿಸಲು ಒತ್ತುತ್ತಿದ್ದಾನೋ ಅವನಿಗೇ ತಿಳಿಯಲಿಲ್ಲ. ಬಾಯಿ ಬೈಯುತ್ತಿತ್ತು. ಕೈ ಸಡಿಲವಾಗಲಿಲ್ಲ. ಬಂದರು ಬರುವವರೆಗೂ ಹಾಗೆಯೇ ಕುಳಿತಿದ್ದನು.

ತೊರಾಜೊ ಬದುಕಿದನು. ಕುಂಟುತ್ತ ಇಳಿದು ಹೋದನು. ಮಗೊಜಿರೊ ಬಂದರಿನ ಗುಡಿಗೆ ಹೋದನು. ತಮ್ಮನ ಹೆಸರಿನಲ್ಲಿ ಪ್ರಾರ್ಥಿಸಲೋ, ಹೆಂಡತಿ ಉಳಿದದ್ದಕ್ಕೆ ಕೈಮುಗಿಯಲೋ ತೋಚದೆ ಬಾಗಿಲಲ್ಲೇ ನಿಂತು, ಹಿಂತಿರುಗಿದನು.

ಗುರುಗಳು ಕಥೆ ಮುಗಿಸಿದರು.

“ಹಾಗಾದರೆ ಅವನು ಆ ಕಳ್ಳನನ್ನು ಕ್ಷಮಿಸಿದನೇ?” ಎಂದು ಶಿಷ್ಯನು ಕೇಳಿದನು.

“ಅದು ಅವನಿಗೂ ತಿಳಿಯಲಿಲ್ಲ. ಆದರೂ ಗಾಯದ ಮೇಲಿನ ಕೈಯನ್ನು ತೆಗೆಯಲಿಲ್ಲ. ನೀನು ಯಾರ ಗಾಯವನ್ನು ಹಾಗೇ ಬಿಟ್ಟು ಇಲ್ಲಿಗೆ ಎದ್ದು ಬಂದೆ?” ಎಂದರು ಗುರುಗಳು.